ಕಲ್ಲಂಚಿನ ಎಂಟನೆಯ ಗುಳಿ

ನಮ್ಮೂರಿನಲ್ಲಿ ದಾರಿಪಟ್ಟಿ ಬರೆಯುವವರು ಆ ದಾರಿಯಲ್ಲಿ ಹೋಗುವ ಹಾಗಿಲ್ಲ. ಲೇಖನಿ ಕೆಳಗಿಟ್ಟ ಮೇಲೆ ಹೋಗಬಹುದು. ನಾನು ಕೆಳಗಿಟ್ಟದ್ದು ಅರವತ್ತಮೂರನೆಯ ವಯಸ್ಸಿಗೆ, ಕಳೆದ ಚಳಿಗಾಲದಲ್ಲಿ. ಅಷ್ಟರಲ್ಲಿ ಸುಮಾರು ಹನ್ನೊಂದು ಸಾವಿರ ಪಟ್ಟಿ ಬರೆದಿದ್ದೆ. ಕರಾವಳಿಯ ಏಳು ಊರುಗಳಲ್ಲಿ ಯಾವ ವಸತಿಗೃಹದ ಮೆಟ್ಟಿಲು ಕಡಿದಾಗಿದೆ, ಇಳಿತದ ಹೊತ್ತಿನಲ್ಲಿ ಯಾವ ಕಡವಿನ ಹೊಯಿಗೆಯಲ್ಲಿ ಚಕ್ರ ಹೂತುಹೋಗುತ್ತದೆ, ಯಾರ ಹೋಟೆಲಿನ ಬಂಗುಡೆ ಸಾರಿಗೆ ಹುಳಿ ಮುಂದು ಎಲ್ಲವೂ ನನಗೆ ಬಾಯಿಪಾಠ. ಒಂದನ್ನೂ ಕಣ್ಣಿನಿಂದ ಕಂಡವಳಲ್ಲ. ಊರವರಿಗೆಲ್ಲ ಮದುವೆ ಕುದುರಿಸಿ ತಾವು ಬ್ರಹ್ಮಚಾರಿಗಳಾಗಿ ಉಳಿದವರು ಇರುತ್ತಾರಲ್ಲ, ನನ್ನದೂ ಹಾಗೆಯೇ.

ಬಡಗಿನ ದೊಡ್ಡೂರಿನಿಂದ ತೆಂಕಿನ ದೊಡ್ಡೂರಿಗೆ ಹೋಗುವ ರಸ್ತೆ ಮೊದಲ ಸಲ ಕಡಲನ್ನು ಕಾಣುವುದು ನಮ್ಮೂರಿನ ತಿರುವಿನಲ್ಲಿ. ಅಲ್ಲಿಂದ ಮುಂದೆ ಕಡಲ ಬದಿಯಲ್ಲೇ ಐದು ಹಗಲಿನ ದಾರಿ, ನಡುವೆ ನಾಲ್ಕು ರಾತ್ರಿ. ಊರುಗಳು ಏಳು, ರಾತ್ರಿಗಳು ನಾಲ್ಕೇ. ಎಷ್ಟು ನಿಧಾನವಾಗಿ ಓಡಿಸಿದರೂ ಐದನೆಯ ರಾತ್ರಿ ಸಿಕ್ಕಿದವರಿಲ್ಲ. ಮೊದಲ ಪ್ರಯಾಣಕ್ಕೆ ಯಾವ ನಾಲ್ಕು ಊರು ಬರೆಸುತ್ತೀರೋ ಅವು ನೀವು ಬದುಕಿರುವ ತನಕ ನಿಮ್ಮವು. ಉಳಿದ ಮೂರು ಊರು ಬಂದಾಗ ನಿದ್ದೆ ಬರುತ್ತದೆ. ಊರಿನ ಈಚೆಯ ಮೈಲಿಗಲ್ಲಿನ ಹತ್ತಿರ ಮುಚ್ಚಿದ ಕಣ್ಣು ಆಚೆಯ ಮೈಲಿಗಲ್ಲಿನ ಹತ್ತಿರವೇ ತೆರೆಯುವುದು. ಚೊಂಬುಗಟ್ಟಲೆ ಕಾಫಿ ಕುಡಿದು ನೋಡಿದವರಿದ್ದಾರೆ, ಕಣ್ಣಿಗೆ ಮೆಣಸು ಹಚ್ಚಿಕೊಂಡವರೂ ಇದ್ದಾರೆ. ಉರಿಯಿತೇ ಹೊರತು ಊರು ಕಾಣಲಿಲ್ಲ. ಡ್ರೈವರುಗಳಿಗೆ ಮಾತ್ರ ಈ ನಿದ್ದೆ ಇಲ್ಲ, ನಮ್ಮ ಪುಣ್ಯ.

ಹೀಗಾಗಿ ಪಟ್ಟಿ ಬರೆಯುವುದು ಹುಡುಗಾಟದ ಕೆಲಸವಲ್ಲ. ಬಸ್‌ಸ್ಟ್ಯಾಂಡಿನ ಎದುರಿನ ಉದ್ದ ಜಗಲಿಯಲ್ಲಿ, ಪಟ್ಟಿಕಟ್ಟೆ ಎಂದು ಅದಕ್ಕೆ ಹೆಸರು, ನಾವು ಆರು ಜನ ಡೆಸ್ಕು ಇಟ್ಟುಕೊಂಡು ಕೂರುತ್ತಿದ್ದೆವು. ಬೆಳಗ್ಗೆ ಏಳಕ್ಕೇ ಜನ. ಹೋಲ್ಡಾಲು, ನೀರಿನ ಹೂಜಿ, ಸ್ಟವ್ವು, ದಾರಿಗೆಂದು ಕರಿದ ಚಕ್ಕುಲಿಯ ಡಬ್ಬಿ, ಅತ್ತೆ, ಮಾವ, ಜಗಳ. ಒಮ್ಮೆ ಒಬ್ಬ ಮೇಷ್ಟ್ರು ಹೆಂಡತಿಯ ಜೊತೆ ಮೂರು ದಿನ ನನ್ನ ಡೆಸ್ಕಿನ ಮುಂದೆ ಕೂತರು. ಅವರಿಗೆ ಕೋಟೆಯ ಊರು ಬೇಕು, ಆಕೆಗೆ ಎರಡುಹೊಳೆಯಲ್ಲಿ ದೋಣಿಯಲ್ಲಿ ಕೂರಬೇಕು. ಮೊದಲ ದಿನ ಜಗಳವಾಡಿದರು, ಎರಡನೆಯ ದಿನ ಮಾತು ಬಿಟ್ಟರು. ಮೂರನೆಯ ದಿನ ಕೋಟೆಯೇ ಆಗಲಿ ಎಂದು ಆಕೆಯೂ, ದೋಣಿಯೇ ಆಗಲಿ ಎಂದು ಮೇಷ್ಟ್ರೂ ಹಟ ಹಿಡಿದರು. ನಾನು ಎರಡನ್ನೂ ಬರೆದು, ಇಬ್ಬರಿಗೂ ಅಷ್ಟೇನೂ ಬೇಕಿಲ್ಲದಿದ್ದ ಇನ್ನೊಂದನ್ನು ಬಿಟ್ಟೆ. ಇಂಥ ಬುದ್ಧಿ ಕಲಿಯಲು ನನಗೆ ಇಪ್ಪತ್ತು ವರ್ಷ ಹಿಡಿದಿತ್ತು. ತೆಂಕಿನ ತುದಿಯಲ್ಲೂ ಇಂಥದೇ ಕಟ್ಟೆ ಇದೆಯಂತೆ. ಅಲ್ಲಿನವರ ಅಕ್ಷರ ಕೋಳಿ ಕೆದಕಿದ ಹಾಗೆ ಎಂದು ನಾವು ಹೇಳುತ್ತಿದ್ದೆವು, ನೋಡದೆಯೇ.

ಹಳೆಯ ಪಟ್ಟಿಯವರು ಹೊಸ ಪಟ್ಟಿಯವರ ಜೊತೆ ಒಂದೇ ಕಾರಿನಲ್ಲಿ ಹೋದರೆ ಕಾರು ನಿಲ್ಲುವುದು ಹೊಸ ಪಟ್ಟಿಯ ಪ್ರಕಾರ. ತಮ್ಮದಲ್ಲದ ಊರಿನಲ್ಲಿ ಹಳಬರು ಮಲಗಿಯೇ ಇರುತ್ತಾರೆ. ಅದಕ್ಕಾಗಿ ಏಳೂರಿನ ಪ್ರತಿ ವಸತಿಗೃಹದಲ್ಲೂ ಒಂದು ನಿದ್ದೆಚಾವಡಿ ಇದೆ. ಸಾಲು ಚಾಪೆ, ಸೊಳ್ಳೆಪರದೆ, ಮಗ್ಗುಲು ಬದಲಿಸಿ ಕೊಡಲು ಇಬ್ಬರು ಹೆಂಗಸರು. ಮೊಮ್ಮಕ್ಕಳು ಕಡಲಿನಲ್ಲಿ ಆಡಿ ಬರುವ ತನಕ ಅಜ್ಜಂದಿರು ಅಲ್ಲಿ ಗೊರಕೆ ಹೊಡೆಯುತ್ತಾರೆ. ನನ್ನ ಪಟ್ಟಿಗಳಲ್ಲಿ ಯಾವ ಚಾವಡಿಯಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎಂಬುದನ್ನೂ ಬರೆಯುತ್ತಿದ್ದೆ.

ಏಳು ಊರುಗಳಲ್ಲಿ ಒಂದು ಕಲ್ಲಂಚು. ಅದು ನಮ್ಮ ಅಮ್ಮನ ತವರು. ದೋಣಿಗಳು ಓಡಾಡುತ್ತಿದ್ದ ಕಾಲದಲ್ಲಿ ಅಮ್ಮ ಅಲ್ಲಿಂದ ನಮ್ಮೂರಿಗೆ ಸೊಸೆಯಾಗಿ ಬಂದವಳು. ನನಗೆ ಒಂಬತ್ತು ವರ್ಷವಾಗಿದ್ದಾಗ ತೀರಿಕೊಂಡಳು. ಅಕ್ಕನಿಗೆ ಆಗ ಹದಿನಾರು. ಅಪ್ಪ ಅಂಗಡಿಯಲ್ಲೇ ಇರುತ್ತಿದ್ದರು. ನನಗೆ ಅನ್ನ ಕಲಸಿದ್ದು, ಜ್ವರ ಬಂದಾಗ ಹಣೆಗೆ ಬಟ್ಟೆ ಇಟ್ಟದ್ದು, ಶಾಲೆಗೆ ಹೋಗುವಾಗ ತಲೆ ಬಾಚಿ ಎರಡು ಜಡೆ ಹಾಕಿದ್ದು ಎಲ್ಲ ಅಕ್ಕನೇ. ನನ್ನದು ಸಿಕ್ಕುಗೂದಲು, ಅಳುವ ಬುದ್ಧಿ ಬೇರೆ. ಬಾಚಣಿಗೆ ಕಂಡರೆ ಬೀದಿಗೆ ಕೇಳುವ ಹಾಗೆ ಅಳುತ್ತಿದ್ದೆ. ಆಗ ಅವಳು ಅಮ್ಮನ ಕಥೆ ಹೇಳುತ್ತಿದ್ದಳು. ಕಲ್ಲಂಚಿನಲ್ಲಿ ಕಡಲಿಗೆ ಎದುರಾಗಿ ಒಂದು ಚಪ್ಪಟೆ ಬಂಡೆ, ಅದರ ಮೇಲೆ ಕೊರೆದ ಚೆನ್ನೆಮಣೆ. ಎಲ್ಲ ಚೆನ್ನೆಮಣೆಯಲ್ಲೂ ಒಂದು ಬದಿಗೆ ಏಳು ಗುಳಿ. ಇದರಲ್ಲಿ ಮಾತ್ರ ಒಂದು ಬದಿಗೆ ಏಳು, ಇನ್ನೊಂದು ಬದಿಗೆ ಎಂಟು. ಅಮ್ಮ ಚಿಕ್ಕವಳಾಗಿದ್ದಾಗ ದಿನವೂ ಅಜ್ಜಿಯ ಎದುರು ಸೋತು ಸೋತು, ಸಿಟ್ಟಿಗೆದ್ದು, ತನ್ನ ಬದಿಗೆ ಇನ್ನೊಂದು ಗುಳಿಯನ್ನು ಹಳೆಯ ಉಳಿಯಿಂದ ತಾನೇ ಕೊರೆದಿದ್ದಳಂತೆ.

ನಾನು ನಂಬುತ್ತಿರಲಿಲ್ಲ. "ಸುಳ್ಳು. ಬಂಡೆಯನ್ನು ಕೊರೀಲಿಕ್ಕೆ ಸಣ್ಣ ಹುಡುಗಿಗೆ ಆಗ್ತದಾ?" ಎನ್ನುತ್ತಿದ್ದೆ.

"ಪಂದ್ಯ ಕಟ್ತೀಯಾ?" ಅಕ್ಕ ಕೇಳಿದ್ದಳು. "ಏಳೇ ಇದ್ರೆ ನಿನ್ನ ತಲೆಗೆ ಬಾಚಣಿಗೆ ಮುಟ್ಟಿಸುದಿಲ್ಲ. ಎಂಟಿದ್ರೆ ಆಮೇಲೆ ನೀನು ಬಾಚುವಾಗ ಅಳ್ಬಾರ್ದು. ಆಯ್ತಾ?"

"ಆಯ್ತು. ಇಬ್ಬರೂ ಒಟ್ಟಿಗೆ ಹೋಗಿ ಎಣಿಸುವ."

ಒಟ್ಟಿಗೆ ಹೋಗುವ ಮಾತು ನನ್ನದೇ. ಅದನ್ನು ಕೆಡಿಸಿದ್ದೂ ನಾನೇ.

ನನಗೆ ಹತ್ತೊಂಬತ್ತಾಗಿದ್ದಾಗ ಅಕ್ಕನಿಗೆ ಮದುವೆ ಗೊತ್ತಾಯಿತು. ಭಾವ ಉಮಾನಾಥ ತೆಂಕಿನ ದೊಡ್ಡೂರಿನಲ್ಲಿ ಗಡಿಯಾರ ರಿಪೇರಿ ಮಾಡುವವರು. ಮೃದು ಮನುಷ್ಯ, ನನಗೆ ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಕಾರಣವೇ ಸಿಗಲಿಲ್ಲ, ಅದಕ್ಕೇ ಇನ್ನೂ ಸಿಟ್ಟು. ನಮ್ಮೂರಿನ ಪದ್ಧತಿಯಂತೆ ಮದುಮಗಳ ದಾರಿಪಟ್ಟಿಯನ್ನು ಅವಳ ತಂಗಿಯೋ ತಮ್ಮನೋ ಬರೆಯಬೇಕು. ನಾನು ಆಗಷ್ಟೇ ಐತಪ್ಪ ಮಾಸ್ತರರ ಕೈಕೆಳಗೆ ವರ್ಷವಿಡೀ ಕಲಿತು ಮುಗಿಸಿದ್ದೆ. ಹಾಗಾಗಿ ಅದು ನನ್ನ ಮೊದಲ ಪಟ್ಟಿಯೂ ಆಯಿತು. ಮಾಸ್ತರರು ಹಿಂದಿನ ದಿನವೇ ಎಚ್ಚರಿಸಿದ್ದರು. ಉಳಿದ ಪಟ್ಟಿಗಳಲ್ಲಿ, ಕಾಗದ ಮಡಚಿ ದಾರದ ಗಂಟು ಬೀಳುವ ಮೊದಲು, ಒಂದು ಸಾಲು ಹೊಡೆದು ಇನ್ನೊಂದು ಬರೆಯಬಹುದು, ಮೊದಲ ಪಟ್ಟಿಯಲ್ಲಿ ಆಗದು. ಯಾರ ಮೊದಲ ಪಟ್ಟಿಯನ್ನು ಬರೆಸಿದವರೇ ಹೊಡೆದು ಹಾಕಿಸುತ್ತಾರೋ ಅವರು ಮತ್ತೆ ಕಟ್ಟೆ ಹತ್ತುವ ಹಾಗಿಲ್ಲ. ಹಾಗೆ ಇಳಿದುಹೋದ ಇಬ್ಬರು ನಮ್ಮೂರಿನಲ್ಲೇ ಇದ್ದರು, ಒಬ್ಬರು ಬೀಡಿ ಕಟ್ಟುತ್ತಿದ್ದರು.

ಅಕ್ಕ ಕೇಳಿದ್ದು ಉಪ್ಪಿನಕಟ್ಟೆ, ಕೋಟೆಯೂರು, ಕಲ್ಲಂಚು, ಎರಡುಹೊಳೆ. ನಾನು ಹೊಸ ಸೀರೆ ಉಟ್ಟು ಡೆಸ್ಕಿನ ಹಿಂದೆ ಕೂತು ಮೊದಲೆರಡನ್ನು ಚಂದಕ್ಕೆ ಬರೆದೆ. ಮೂರನೆಯ ಸಾಲಿಗೆ ಬಂದಾಗ ಕೈ ನಿಂತಿತು. ಅಮ್ಮನ ಊರಿಗೆ ಅಕ್ಕ ನನ್ನನ್ನು ಬಿಟ್ಟು ಹೋಗುತ್ತಾಳೆ. ಬಂಡೆ ನೋಡುತ್ತಾಳೆ, ಗುಳಿ ಎಣಿಸುತ್ತಾಳೆ, ಅಮ್ಮ ಪೂರ್ತಿ ಅವಳಿಗೆ ಸಿಕ್ಕಿಬಿಡುತ್ತಾಳೆ. ನಾನು ಇನ್ನು ನಲವತ್ತು ವರ್ಷ ಈ ಕಟ್ಟೆಯ ಮೇಲೆ. ಹೊಟ್ಟೆಕಿಚ್ಚೋ ದುಃಖವೋ ಈಗಲೂ ಬೇರೆ ಮಾಡಿ ಹೇಳಲಾರೆ. ನಾನು ದೀಪದಗುಡ್ಡೆ ಎಂದು ಬರೆದೆ.

"ರಸ್ತೆಯಿಂದ ಕಲ್ಲಂಚಿನ ಒಳಗೆ ಹೋಗುವ ಸೇತುವೆ ಕುಸಿದಿದೆಯಂತೆ ಅಕ್ಕ," ಎಂದೆ ತಲೆ ಎತ್ತದೆ. "ದೀಪದಗುಡ್ಡೆಯಲ್ಲಿ ದೀಪಸ್ತಂಭ ಉಂಟು. ಭಾವನಿಗೂ ಇಷ್ಟ ಆಗ್ತದೆ."

ಅಕ್ಕ ಕಾಗದ ತೆಗೆದುಕೊಂಡು ನೋಡಿದಳು. ಆಚೆ ಡ್ರೈವರ್ ಕೊಗ್ಗಣ್ಣ ಕಾರಿನ ಗಾಜು ಒರೆಸುತ್ತಿದ್ದ. "ಅಕ್ಷರ ಚಂದ ಉಂಟು," ಎಂದಳು. ಕಾಗದ ಮಡಚಿ, ಹಳದಿ ದಾರ ಸುತ್ತಿ, ಗಂಟು ಹಾಕಿದಳು. ಐತಪ್ಪ ಮಾಸ್ತರರು ನನ್ನ ಬೆನ್ನು ತಟ್ಟಿದರು. ಕಾರು ತಿರುವಿನಲ್ಲಿ ಮರೆಯಾದ ಮೇಲೆ ನಾನು ಏನು ಮಾಡಿದೆ ಎನ್ನುವುದು ಹೊಳೆದು, ಕಟ್ಟೆಯ ಹಿಂದೆ ಹೋಗಿ ವಾಂತಿ ಮಾಡಿಕೊಂಡೆ. ಎಲ್ಲರೂ ಮದುವೆ ಊಟದ ಹೋಳಿಗೆಯನ್ನು ದೂರಿದರು.

ಆಮೇಲಿನ ನಲವತ್ತನಾಲ್ಕು ವರ್ಷ ನಾನು ಬೇರೆಯವರ ಪಟ್ಟಿಯಲ್ಲಿ ಕಲ್ಲಂಚನ್ನು ತುಂಬಿಸಿದೆ. ಬೇಡ ಎಂದವರಿಗೂ ಒಂದು ಸಲ ಹೇಳಿ ನೋಡುತ್ತಿದ್ದೆ. ಬೆಳಗ್ಗೆ ಆರಕ್ಕೆ ಹೊರಡಿ, ಹತ್ತರ ಒಳಗೆ ಕಡವು ದಾಟಿ, ಮಧ್ಯಾಹ್ನ ಊಟದ ಹೊತ್ತಿಗೆ ಕಲ್ಲಂಚು. ಸಂಜೆ ಕಡಲ ಬದಿಯ ಬಂಡೆಯ ಮೇಲೆ ಕೂರಿ, ಗಾಳಿ ಒಳ್ಳೆಯದು. ಬಂಡೆಯ ಮೇಲೆ ಚೆನ್ನೆಮಣೆ ಉಂಟಾ, ಗುಳಿ ಎಷ್ಟು ಎಂದು ಬಂದವರನ್ನು ನಾನು ಯಾವತ್ತೂ ಕೇಳಲಿಲ್ಲ. ಅಕ್ಕನಿಗೆ ಸಿಗದ ಉತ್ತರ ನನಗೂ ಬೇಡವಾಗಿತ್ತು. ಅಕ್ಕ ವರ್ಷಕ್ಕೊಮ್ಮೆ ಒಳನಾಡಿನ ರೈಲಿನಲ್ಲಿ ಬರುತ್ತಿದ್ದಳು. ಮದುವೆಯಾಗದ ನನ್ನ ಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ತೊಳೆದು ಮತ್ತೆ ಏರಿಸಿ ಹೋಗುತ್ತಿದ್ದಳು. ಕಲ್ಲಂಚಿನ ಮಾತು ನಾವಿಬ್ಬರೂ ಎತ್ತುತ್ತಿರಲಿಲ್ಲ. ಸೇತುವೆಯ ಸುಳ್ಳನ್ನು ಹೇಳಿಬಿಡಬೇಕು ಎಂದು ಪ್ರತಿ ಸಲ ಅಂದುಕೊಳ್ಳುತ್ತಿದ್ದೆ, ಪ್ರತಿ ಸಲ ರೈಲು ಹೊರಟುಬಿಡುತ್ತಿತ್ತು.

ಭಾವ ಹೋಗಿ ಮೂರು ವರ್ಷವಾಯಿತು. ನಾನು ಲೇಖನಿ ಕೆಳಗಿಡುವ ದಿನಕ್ಕೆ ಅಕ್ಕ ಬಂದಳು. ಎಪ್ಪತ್ತು ವರ್ಷ, ಮೊಣಕಾಲು ನೋವು, ಬಾಯಿ ಮಾತ್ರ ಮೊದಲಿನಂತೆಯೇ. ಬಂದವಳೇ ನನ್ನ ಡಬ್ಬಿಗಳನ್ನು ನೋಡಿ, "ಇದೆಂತ ಮಾರಾಯ್ತಿ, ಸಾಸಿವೆ ಡಬ್ಬಿಯಲ್ಲಿ ಗುಂಡುಸೂಜಿ!" ಎಂದು ಗದರಿಸಿದಳು.

ಬರೆಯುವವಳು ತನ್ನ ಪಟ್ಟಿಯನ್ನು ತಾನೇ ಬರೆದುಕೊಳ್ಳುವ ಹಾಗಿಲ್ಲ. ಮನೆಯ ಹಿರಿಯರು ಬರೆಯಬೇಕು. ನನಗೆ ಉಳಿದಿದ್ದ ಹಿರಿಯಳು ಅಕ್ಕ ಒಬ್ಬಳೇ. ನಾನು ವಾರವಿಡೀ ಯೋಚಿಸಿ ತೀರ್ಮಾನ ಮಾಡಿದ್ದೆ. ಅಕ್ಕನ ಹಳೆಯ ನಾಲ್ಕೂರೇ ನನಗೂ ಸಾಕು. ಅಕ್ಕ ಜೊತೆಗೆ ಬರುತ್ತಾಳೆ, ನಾಲ್ಕೂ ಊರಿನಲ್ಲಿ ಇಬ್ಬರಿಗೂ ಎಚ್ಚರ ಇರುತ್ತದೆ. ಕಲ್ಲಂಚನ್ನು ಅವಳಿಂದ ಕಸಿದವಳು ನಾನು, ನನಗೂ ಅದು ಇಲ್ಲದೆ ಹೋಗಲಿ. ಇದರಲ್ಲಿ ನ್ಯಾಯ ಇದೆ ಎಂದು ನನಗೆ ನಾನೇ ಒಪ್ಪಿಸಿಕೊಂಡಿದ್ದೆ, ರಾತ್ರಿ ಮಲಗಿದಾಗ ಮಾತ್ರ ಆ ಬಂಡೆ ಕಣ್ಣಿಗೆ ಬರುತ್ತಿತ್ತು.

ಮರುದಿನ ಬೆಳಗ್ಗೆ ಅಕ್ಕನನ್ನು ನನ್ನ ಡೆಸ್ಕಿನ ಹಿಂದೆ ಕೂರಿಸಿದರು. ನಾನು ಬರೆಸುವವರ ಬೆಂಚಿನಲ್ಲಿ ಕೂತೆ. ಆ ಬೆಂಚು ಅಷ್ಟು ಗಟ್ಟಿ ಎಂದು ನನಗೆ ಗೊತ್ತೇ ಇರಲಿಲ್ಲ, ಪಾಪ, ಎಷ್ಟು ಜನರನ್ನು ಅದರ ಮೇಲೆ ಗಂಟೆಗಟ್ಟಲೆ ಕೂರಿಸಿದ್ದೆ.

"ಹೇಳು ವಾರಿಜ," ಅಕ್ಕ ಕನ್ನಡಕ ಏರಿಸಿದಳು. "ಸಾಮಾನು ಎಷ್ಟು, ಊಟಕ್ಕೆ ಎಂತ, ನೀರು ಕುದಿಸಿದ್ದೋ ಬಾವಿಯದ್ದೋ?"

"ಅದೆಲ್ಲ ನಂಗೆ ಗೊತ್ತುಂಟು. ನೀನು ಊರು ಬರಿ. ಉಪ್ಪಿನಕಟ್ಟೆ, ಕೋಟೆಯೂರು, ದೀಪದಗುಡ್ಡೆ, ಎರಡುಹೊಳೆ."

ಅಕ್ಕ ನಾಲಗೆ ಕಚ್ಚಿಕೊಂಡು ನಿಧಾನವಾಗಿ ಬರೆದಳು. ಬರೆದು ಕಾಗದವನ್ನು ನನ್ನ ಕಡೆ ತಿರುಗಿಸಿದಳು. ಮೂರನೆಯ ಸಾಲಿನಲ್ಲಿ ಕಲ್ಲಂಚು ಎಂದಿತ್ತು.

"ಅಕ್ಕ, ಇದು ತಪ್ಪು. ಹೊಡೆದು ಹಾಕು."

"ಅದು ಹೇಗೆ? ನಾನು ಬರೆದ ಮೊದಲ ಪಟ್ಟಿ ಇದು. ಹೊಡೆದು ಹಾಕಿದ್ರೆ ನನ್ನ ಕೆಲಸ ಹೋಗುದಿಲ್ವಾ?" ಎಂದಳು ಅಕ್ಕ. ಅಕ್ಕಪಕ್ಕದ ಡೆಸ್ಕಿನವರು ನಕ್ಕರು. ಅವಳು ನಗಲಿಲ್ಲ.

"ಕಲ್ಲಂಚಿಗೆ ನೀನಿಲ್ಲದೆ ಹೋಗಿ ನಾನು ಎಂತ ಮಾಡ್ಲಿ? ನೀನಲ್ಲಿ ಮಲಗಿರ್ತೀ." ಇನ್ನು ಮುಚ್ಚಿಡುವುದು ಆಗಲಿಲ್ಲ. "ಅಕ್ಕ, ಆವತ್ತು ಸೇತುವೆ ಕುಸಿದಿರ್ಲಿಲ್ಲ. ನಾನು ಸುಳ್ಳು ಹೇಳಿದ್ದು. ನೀನೊಬ್ಬಳೇ ಹೋಗ್ಬಾರ್ದು ಅಂತ."

"ಗೊತ್ತುಂಟು," ಎಂದಳು ಅಕ್ಕ.

"ಯಾವಾಗ ಗೊತ್ತಾಯ್ತು?"

"ಆವಾಗ್ಲೇ. ಕೊಗ್ಗಣ್ಣ ಅದೇ ಬೆಳಿಗ್ಗೆ ಕಲ್ಲಂಚಿನಿಂದ ಮದುವೆಗೆ ಒಣಮೀನು ತಂದದ್ದಲ್ವಾ? ಕುಸಿದ ಸೇತುವೆಯ ಮೇಲೆ ಬಂದನಾ ಅವನು?"

"ಮತ್ತೆ ಯಾಕೆ ಗಂಟು ಹಾಕಿದ್ದು? ಹೊಡೆದು ಹಾಕು ಅಂತ ಒಂದು ಮಾತು ಹೇಳ್ಬಹುದಿತ್ತಲ್ಲ!"

"ಹೇಳಿದ್ರೆ ನಿನ್ನನ್ನು ಕಟ್ಟೆಯಿಂದ ಇಳಿಸ್ತಿದ್ರು. ನಾನು ಹೋಗ್ತಿದ್ದೆ, ಅಪ್ಪನದ್ದು ಅಂಗಡಿ. ನಿನಗೆ ಬೇರೆ ಎಂತ ಇತ್ತು?" ಅಕ್ಕ ಲೇಖನಿಯ ಮುಚ್ಚಳ ಹಾಕಿದಳು. "ಸಿಟ್ಟು ಬಂದಿತ್ತು. ದೀಪದಗುಡ್ಡೆ ಹತ್ತುವಾಗ ಪೂರಾ ಅತ್ತಿದ್ದೇನೆ. ನಿನ್ನ ಭಾವ ಕಾಲು ನೋವು ಅಂತ ತಿಳ್ಕೊಂಡು ಬೆನ್ನ ಮೇಲೆ ಹೊತ್ತರು. ಆಮೇಲೆ ಹೋಯ್ತು ಸಿಟ್ಟು. ನೀನು ಹೇಳ್ತೀ ಅಂತ ಕಾದೆ. ಭಾರೀ ತಡ ಮಾಡಿದೆ."

ನಾನು ಬೆಂಚಿನ ಮೇಲೆ ಕೂತೇ ಅತ್ತೆ. ಅರವತ್ತಮೂರು ವರ್ಷದ ಹೆಂಗಸು, ಊರಿನ ಹಿರಿಯ ಪಟ್ಟಿಗಾತಿ, ಬಸ್‌ಸ್ಟ್ಯಾಂಡಿನ ಎದುರು. ಅಕ್ಕ ಕಾಗದ ಮಡಚಿದಳು, ದಾರ ಸುತ್ತಿದಳು, ಗಂಟನ್ನು ನನ್ನ ಮುಂದೆ ಹಿಡಿದು, "ಎಳಿ," ಎಂದಳು. ನಾನು ಎಳೆದೆ.

ಕೊಗ್ಗಣ್ಣ ಈಗಿಲ್ಲ. ಅವನ ಮಗಳು ಪ್ರಮೀಳ ಕಾರು ಓಡಿಸಿದಳು. ಉಪ್ಪಿನಕಟ್ಟೆಯಲ್ಲಿ ನಾನು ಸಾವಿರ ಸಲ ಬರೆದಿದ್ದ ವಸತಿಗೃಹದ ಮೆಟ್ಟಿಲು ನಿಜವಾಗಿಯೂ ಕಡಿದಾಗಿತ್ತು. ಕೋಟೆಯೂರಿನ ಬಂಗುಡೆ ಸಾರಿಗೆ ಹುಳಿ ಸರಿಯಾಗಿಯೇ ಇತ್ತು. ಮೂವತ್ತು ವರ್ಷ ಆ ಹೋಟೆಲಿನವರ ಬಗ್ಗೆ ತಪ್ಪು ಹೇಳಿದ್ದಕ್ಕೆ ನಾನು ಎರಡನೆಯ ಸಲ ಹಾಕಿಸಿಕೊಂಡು ಉಂಡೆ. ಮೂರನೆಯ ದಿನ ಹತ್ತರ ಒಳಗೆ ಕಡವು ದಾಟಿದೆವು. ಅಕ್ಕ ಬೆಳಗ್ಗಿನಿಂದ ಮಾತಾಡುತ್ತಲೇ ಇದ್ದಳು. ಮೈಲಿಗಲ್ಲು ಕಂಡಾಗ ನನ್ನ ಕೈ ಹಿಡಿದು, "ಸರಿಯಾಗಿ ಎಣಿಸು. ನೀನು ಲೆಕ್ಕದಲ್ಲಿ ಮೊದಲೇ ಹಿಂದೆ..." ಎಂದವಳ ತಲೆ ನನ್ನ ಭುಜಕ್ಕೆ ಬಿತ್ತು.

ಕಲ್ಲಂಚಿನಲ್ಲಿ ನಮ್ಮವರು ಯಾರೂ ಉಳಿದಿರಲಿಲ್ಲ. ಅಜ್ಜಿಯ ಮನೆ ಇದ್ದ ಜಾಗದಲ್ಲಿ ಬಲೆ ಹೊಲಿಯುವ ಶೆಡ್ಡು. ನಿದ್ದೆಚಾವಡಿಯ ಹೆಂಗಸು ಅಕ್ಕನಿಗೆ ಚಾಪೆ ಹಾಸಲು ಬಂದಳು. ಇವಳನ್ನು ಕಡಲ ಬದಿಗೆ ಕರೆದುಕೊಂಡು ಹೋಗಬೇಕು ಎಂದೆ. ಮಲಗಿದವರನ್ನು ಊರು ಸುತ್ತಿಸುವುದನ್ನು ಅವಳು ಕೇಳಿರಲಿಲ್ಲ. "ಕಾಣುದಿಲ್ಲ, ಕೇಳುದಿಲ್ಲ. ಸುಮ್ಮನೆ ಯಾಕಮ್ಮ?" ಎಂದಳು. ಆದರೂ ಶೆಡ್ಡಿನಿಂದ ನಾಲ್ಕು ಜನರನ್ನು ಕರೆದಳು. ಅವರು ಅಕ್ಕನನ್ನು ಆರಾಮಕುರ್ಚಿಯಲ್ಲಿ ಕೂರಿಸಿ, ಕುರ್ಚಿಯ ಅಡಿಗೆ ದೋಣಿಯ ಎರಡು ಹುಟ್ಟು ತೂರಿಸಿ, ಹೊತ್ತು ತಂದು ಬಂಡೆಯ ಪಕ್ಕದಲ್ಲಿ ಇಳಿಸಿದರು. ಸೆರಗು ಜಾರದ ಹಾಗೆ ಪ್ರಮೀಳ ಪಿನ್ನು ಹಾಕಿದಳು.

ಹೊತ್ತು ಮುಳುಗಲು ಇನ್ನೂ ಒಂದು ಗಂಟೆ ಇತ್ತು. ಬಂಡೆಯ ಮೇಲೆ ಹೊಯಿಗೆ ಕೂತಿತ್ತು. ಸೆರಗಿನಿಂದ ಒರೆಸಿದೆ, ಗುಳಿಗಳು ಒಂದೊಂದಾಗಿ ಮೇಲೆ ಬಂದವು. ಆಚೆ ಬದಿಯ ಸಾಲನ್ನು ಎಣಿಸಿದೆ, ಏಳು. ಈಚೆ ಬದಿಯದನ್ನು ನಾನು ಎಣಿಸಲಿಲ್ಲ. ಅಕ್ಕನ ಬಲಗೈಯನ್ನು ಎತ್ತಿ, ಅವಳ ತೋರುಬೆರಳನ್ನು ಮೊದಲ ಗುಳಿಯಲ್ಲಿ ಇಟ್ಟೆ. ಒಂದು. ನುಣುಪಾಗಿತ್ತು, ಅಜ್ಜಿ, ಅಜ್ಜಿಯ ಅಜ್ಜಿ ಎಲ್ಲ ಆಡಿ ಸವೆದದ್ದು. ಎರಡು, ಮೂರು ಎಂದು ಕಿವಿಯ ಹತ್ತಿರ ಹೇಳುತ್ತಾ ಸರಿಸಿದೆ. ಏಳರ ಆಚೆ ಬೆರಳು ಇನ್ನೊಂದಕ್ಕೆ ಇಳಿಯಿತು. ಅದು ಸಣ್ಣದು, ಸೊಟ್ಟ, ಒಳಗೆ ಉಳಿಯ ಗೆರೆ ಇನ್ನೂ ಒರಟಾಗಿತ್ತು. ಸಿಟ್ಟಿನಿಂದ ಕೊರೆದ ಗುಳಿ ಎಂದು ಯಾರಿಗಾದರೂ ತಿಳಿಯುತ್ತಿತ್ತು. ನನ್ನ ಅಮ್ಮ ಒಂದು ಕಾಲದಲ್ಲಿ ಸೋಲಲು ಒಪ್ಪದ ಸಣ್ಣ ಹುಡುಗಿಯಾಗಿದ್ದಳು. ಅಕ್ಕನ ಬೆರಳನ್ನು ಅಲ್ಲೇ ಬಿಟ್ಟು, ನನ್ನ ಬೆರಳನ್ನೂ ಅದರ ಪಕ್ಕ ಇಟ್ಟೆ. ಎರಡು ಬೆರಳಿಗೆ ಜಾಗ ಸಾಲದು, ಹಾಗೂ ಹೀಗೂ ಇಟ್ಟುಕೊಂಡೆವು. ಕುರ್ಚಿ ಹೊತ್ತವರು ದೂರ ನಿಂತು ಬೀಡಿ ಸೇದುತ್ತಾ ಕಾದರು.

ಮರುದಿನ ಬೆಳಗ್ಗೆ ಕಲ್ಲಂಚು ಬಿಟ್ಟೆವು. ಆಚೆಯ ಮೈಲಿಗಲ್ಲು ದಾಟುತ್ತಲೇ ಅಕ್ಕ ಕಣ್ಣು ತೆರೆದಳು. ನಾನು ಹೇಳಲೆಂದು ಬಾಯಿ ತೆರೆದೆ.

"ಹೇಳ್ಬೇಡ," ಎಂದಳು. ತನ್ನ ಬಲಗೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಹೊಯಿಗೆ ಇತ್ತು. ನನ್ನ ಎಡಗೈಯನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡು, ಮೊಣಕೈಯಿಂದ ಕೆಳಗೆ ಒಂದೊಂದೇ ಒತ್ತುತ್ತಾ ಬಂದಳು. ಏಳು ಸಲ ಮೆತ್ತಗೆ ಒತ್ತಿದಳು. ಅಂಗೈ ನಡುವೆ ಎಂಟನೆಯದನ್ನು ಬೆರಳು ಸೊಟ್ಟ ಮಾಡಿ ಒತ್ತಿ, ಅಲ್ಲೇ ನಿಲ್ಲಿಸಿದಳು.

ಪ್ರಮೀಳ ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಾ ಕಾರು ನಿಧಾನ ಮಾಡಿದಳು.

ಅಕ್ಕ ಚೀಲಕ್ಕೆ ಕೈ ಹಾಕಿ ಬಾಚಣಿಗೆ ತೆಗೆದಳು. "ಕಡಲಗಾಳಿಗೆ ತಲೆ ಹೇಗಾಗಿದೆ ನೋಡು. ತಿರುಗಿ ಕೂತ್ಕೋ. ಪಂದ್ಯ ನೆನಪುಂಟಲ್ಲ? ಅಳ್ಬಾರ್ದು."

ನಾನು ತಿರುಗಿ ಕೂತೆ. ಎರಡುಹೊಳೆಯ ದಾರಿಯುದ್ದಕ್ಕೂ ಅವಳು ನನ್ನ ನರೆಗೂದಲಿನ ಸಿಕ್ಕು ಬಿಡಿಸಿದಳು, ಒಂದು ಚೂರೂ ನೋವಾಗಲಿಲ್ಲ. ಪಂದ್ಯದ ಮಾತು ಮಾತ್ರ ನನಗೆ ಉಳಿಸಿಕೊಳ್ಳಲು ಆಗಲಿಲ್ಲ.